ಕಂಪನ ಫಲಕದ ಮೇಲೆ ಬಲ ತರಬೇತಿ: ಅಳತೆಯಿಂದ ಅಭ್ಯಾಸದವರೆಗೆ

ವ್ಯಾಯಾಮಶಾಲೆಯ ಮೂಲೆಯಲ್ಲಿ ಕಂಪನ ಫಲಕವೊಂದು (ಮೋಟಾರಿನಿಂದ ಅದುರುವ, ಮೇಲೆ ಹತ್ತಿ ನಿಲ್ಲುವ ಹಲಗೆ) ಇದ್ದರೆ ಅಲ್ಲಿ ಕಾಣುವ ದೃಶ್ಯ ಹೆಚ್ಚುಕಡಿಮೆ ಒಂದೇ. ಯಾರೋ ಒಬ್ಬರು ಮೊಣಕಾಲು ನೆಟ್ಟಗೆ ಮಾಡಿಕೊಂಡು, ಮುಂದಿನ ಹಿಡಿಕೆಯ ಮೇಲೆ ಭಾರ ಹಾಕಿ ನಿಂತಿರುತ್ತಾರೆ. ಇನ್ನೊಂದು ಕೈಯಲ್ಲಿ ಮೊಬೈಲ್. ಕೆನ್ನೆ ಅದುರುತ್ತಿರುತ್ತದೆ, ಮಾತನಾಡಿಸಿದರೆ ದನಿ ಮೇಕೆಯ ದನಿಯಂತೆ ನಡುಗುತ್ತದೆ. ಹತ್ತು ನಿಮಿಷದ ನಂತರ ಬೆವರಿಲ್ಲದೆ, ಏದುಸಿರಿಲ್ಲದೆ, ತುಂಬ ತೃಪ್ತಿಯಿಂದ ಕೆಳಗಿಳಿಯುತ್ತಾರೆ. ಆ ಹತ್ತು ನಿಮಿಷ ದುಡಿದದ್ದು ಯಂತ್ರದ ಮೋಟಾರು ಮಾತ್ರ.

ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ: ಕಂಪನ ತಾನೇ ವ್ಯಾಯಾಮವಲ್ಲ. ಈಗಾಗಲೇ ಬಿಗಿಯಾಗಿ ದುಡಿಯುತ್ತಿರುವ ಸ್ನಾಯುವಿನ ಮೇಲೆ ಹೇರುವ ಹೆಚ್ಚುವರಿ ಕೆಲಸ ಅದು. ಸ್ನಾಯು ಸಡಿಲವಾಗಿದ್ದರೆ ಕಂಪನ ಮೂಳೆಯ ದಾರಿ ಹಿಡಿದು ನೇರ ತಲೆಗೆ ಹೋಗುತ್ತದೆ. ಸ್ನಾಯು ಬಿಗಿಯಾಗಿದ್ದರೆ ಅಲ್ಲೇ ಇಂಗುತ್ತದೆ. ಮುಂದಿನ ಹೆಜ್ಜೆಗಳೆಲ್ಲ ಈ ಒಂದು ಮಾತಿನ ಸುತ್ತಲೇ ಇವೆ.

ಕಂಪನ ಸ್ನಾಯುವಿಗೆ ಏನು ಮಾಡುತ್ತದೆ

ಸ್ನಾಯುವಿನ ಎಳೆಗಳ ನಡುವೆ ಕದಿರಿನ ಆಕಾರದ ಸಣ್ಣ ಸಂವೇದಕಗಳಿವೆ. ಸ್ನಾಯು ಎಷ್ಟು ಹಿಗ್ಗಿತು, ಎಷ್ಟು ಬೇಗ ಹಿಗ್ಗಿತು ಎಂಬ ಸುದ್ದಿಯನ್ನು ಮೆದುಳುಬಳ್ಳಿಗೆ ಮುಟ್ಟಿಸುವುದು ಅವುಗಳ ಕೆಲಸ. ವೈದ್ಯರು ಮಂಡಿಯ ಕೆಳಗೆ ಸುತ್ತಿಗೆಯಿಂದ ತಟ್ಟಿದಾಗ ಕಾಲು ತಾನಾಗಿ ಮೇಲೇಳುತ್ತದಲ್ಲ, ಅದು ಈ ಕದಿರುಗಳ ಕೆಲಸವೇ. ಫಲಕ ಸೆಕೆಂಡಿಗೆ 30 ಬಾರಿ ಅದುರಿದರೆ ಸ್ನಾಯು ಸೆಕೆಂಡಿಗೆ 30 ಬಾರಿ ಕೂದಲೆಳೆಯಷ್ಟು ಹಿಗ್ಗಿ ಕುಗ್ಗುತ್ತದೆ. ಪ್ರತಿ ಹಿಗ್ಗುವಿಕೆಯೂ ಒಂದು ಪುಟ್ಟ ಸುತ್ತಿಗೆಯ ಏಟು. ಕಂಪನಕ್ಕೆ ಸಿಕ್ಕ ಸ್ನಾಯು ಹೀಗೆ ತಾನಾಗಿ ಬಿಗಿಗೊಳ್ಳುವುದನ್ನು 1966ರಲ್ಲಿ ಎಕ್ಲುಂಡ್ ಮತ್ತು ಹಾಗ್‌ಬಾರ್ತ್ ವಿವರಿಸಿದರು. ಅವರು ಕಂಪನವನ್ನು ನೇರವಾಗಿ ಸ್ನಾಯುವಿನ ಮತ್ತು ಸ್ನಾಯುರಜ್ಜುವಿನ (ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ನಾರು) ಮೇಲೆ ಪ್ರಯೋಗಿಸಿದ್ದರು. ನಿಂತ ಇಡೀ ದೇಹಕ್ಕೆ ಪಾದದ ಮೂಲಕ ಕಂಪನ ಕೊಟ್ಟಾಗ ಇದೇ ಪ್ರತಿಕ್ರಿಯೆ ಇರುತ್ತದೆ, ಆದರೆ ಅಷ್ಟು ಶುದ್ಧವಾಗಿ ಅಲ್ಲ. ಇಲ್ಲಿ ಅದರ ಜೊತೆಗೆ ದೇಹ ಅದುರಾಟವನ್ನು ತಡೆಯಲು ಸ್ನಾಯುಗಳನ್ನು ಬಿಗಿಹಿಡಿಯುವ ಕೆಲಸವೂ ಸೇರುತ್ತದೆ.

ಈ ವಿದ್ಯೆ ಹೊಸದೇನಲ್ಲ. ಫ್ರಾನ್ಸಿನ ನರವೈದ್ಯ ಶಾರ್ಕೊ 19ನೇ ಶತಮಾನದ ಕೊನೆಯಲ್ಲೇ ಅದುರುವ ಕುರ್ಚಿಯಿಂದ ಪಾರ್ಕಿನ್‌ಸನ್ ರೋಗಿಗಳಿಗೆ ಚಿಕಿತ್ಸೆ ಕೊಡಲು ನೋಡಿದ್ದರು. ರೈಲು, ಕುದುರೆ ಬಂಡಿಗಳಲ್ಲಿ ಕುಲುಕಾಡುತ್ತ ಬಂದ ರೋಗಿಗಳು ಹಗುರವೆನಿಸುತ್ತದೆ ಎಂದದ್ದೇ ಅವರಿಗೆ ಸುಳಿವು. ಕ್ರೀಡೆಗೆ ಇದನ್ನು ತಂದವರು ಸೋವಿಯತ್ ತರಬೇತುದಾರರು. ನಜಾರೊವ್ ಅವರ ಹೆಸರು ಅಲ್ಲಿ ಮುಖ್ಯ. 1994ರಲ್ಲಿ ಇಸ್ಸುರಿನ್ ಮತ್ತು ಸಂಗಡಿಗರು ಕೈಯಿಂದ ಎಳೆಯುವ ತಂತಿಗೆ 44 ಹರ್ಟ್ಜ್ (ಸೆಕೆಂಡಿಗೆ 44 ಬಾರಿ) ಕಂಪನ ಸೇರಿಸಿ ಮೂರು ವಾರ ತರಬೇತಿ ಕೊಟ್ಟು ಫಲಿತಾಂಶ ಪ್ರಕಟಿಸಿದರು. 1990ರ ದಶಕದ ಕೊನೆಗೆ ಬಾಸ್ಕೊ ತಂಡ ಬಾಕ್ಸಿಂಗ್ ಪಟುಗಳ ತೋಳಿನ ಮೇಲೆ 30 ಹರ್ಟ್ಜ್ ಪ್ರಯೋಗಿಸಿತು.

ಆದರೆ ನನ್ನ ಮಟ್ಟಿಗೆ ಕಣ್ಣು ತೆರೆಸಿದ್ದು ಬೆಲ್ಜಿಯಂನ ಲೂವೆನ್‌ನ ಒಂದೇ ತಂಡ ಮಾಡಿದ ಎರಡು ಅಧ್ಯಯನಗಳು. 2003ರಲ್ಲಿ ಡೆಲೆಕ್ಲೂಸ್ ಮತ್ತು ಸಂಗಡಿಗರು ವ್ಯಾಯಾಮದ ರೂಢಿಯಿಲ್ಲದ ಯುವತಿಯರಿಗೆ 12 ವಾರ 35ರಿಂದ 40 ಹರ್ಟ್ಜ್‌ನ ಫಲಕದ ಮೇಲೆ ತರಬೇತಿ ಕೊಟ್ಟರು. ಮೊಣಕಾಲು ಚಾಚುವ ಸ್ಥಿರ ಬಲ (ಕೀಲು ಅಲುಗದಂತೆ ಹಿಡಿದು ತಳ್ಳುವಾಗಿನ ಬಲ) 16.6 ಶೇಕಡಾ ಏರಿತು. ತೂಕದ ಯಂತ್ರಗಳಲ್ಲಿ ದುಡಿದವರಲ್ಲಿ ಏರಿಕೆ 14.4 ಶೇಕಡಾ. ಅದೇ ಭಂಗಿಗಳನ್ನು ಹೆಸರಿಗೆ ಮಾತ್ರ ಅದುರುವ ಫಲಕದ ಮೇಲೆ ಮಾಡಿದ ಮೂರನೆಯ ಗುಂಪಿಗೆ ಲಾಭವಾಗಲಿಲ್ಲ. ಇಷ್ಟನ್ನು ಜಾಹೀರಾತುಗಳು ಬಾಯಿಪಾಠ ಮಾಡಿಕೊಂಡಿವೆ. 2005ರಲ್ಲಿ ಅದೇ ತಂಡ ಪಳಗಿದ ಓಟಗಾರರ ಮಾಮೂಲಿ ತರಬೇತಿಗೆ ಐದು ವಾರ ಕಂಪನವನ್ನು ಸೇರಿಸಿ ನೋಡಿತು. ಅವರಿಗೆ ಬಲದಲ್ಲೂ ವೇಗದಲ್ಲೂ ಹೆಚ್ಚುವರಿ ಲಾಭ ಸಿಗಲಿಲ್ಲ. ಇದನ್ನು ಜಾಹೀರಾತುಗಳು ಮರೆತುಬಿಟ್ಟಿವೆ.

ಎರಡನ್ನೂ ಜೊತೆಗಿಟ್ಟು ಓದಿದರೆ ಲೆಕ್ಕ ಸ್ಪಷ್ಟ. ಹೊಸಬರಿಗೆ, ವಯಸ್ಸಾದವರಿಗೆ, ಕೀಲು ನೋವಿನಿಂದ ದೊಡ್ಡ ತೂಕ ಎತ್ತಲಾಗದವರಿಗೆ ಫಲಕ ನಿಜಕ್ಕೂ ಉಪಯೋಗಿ. ಪಳಗಿದವರಿಗೆ ಅದು ಒಗ್ಗರಣೆ, ಊಟವಲ್ಲ. ನೆಲದ ಮೇಲೆ ಹತ್ತು ಬಸ್ಕಿ ಸರಿಯಾಗಿ ಹೊಡೆಯಲು ಬಾರದವರು ದುಬಾರಿ ಫಲಕ ಕೊಳ್ಳುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬಂತೆ.

ಹೆಜ್ಜೆ 1: ಹತ್ತುವ ಮುನ್ನ ನಿಮ್ಮನ್ನು ನೀವೇ ವಿಚಾರಿಸಿಕೊಳ್ಳಿ

ಗರ್ಭಿಣಿಯರು ಹತ್ತಬಾರದು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು, ಕಾಲಿನ ರಕ್ತನಾಳದಲ್ಲಿ ಇತ್ತೀಚೆಗೆ ಹೆಪ್ಪುಗಟ್ಟಿದ್ದವರು, ಮೂತ್ರಪಿಂಡ ಅಥವಾ ಪಿತ್ತಕೋಶದ ಕಲ್ಲಿರುವವರು, ಮೂರ್ಛೆ ರೋಗದವರು, ಕಣ್ಣಿನ ಅಕ್ಷಿಪಟಲದ ತೊಂದರೆಯವರು, ಹೊಸ ಮೂಳೆ ಮುರಿತ ಅಥವಾ ಹೊಸ ಶಸ್ತ್ರಚಿಕಿತ್ಸೆಯ ಗಾಯ ಇರುವವರು, ಬೆನ್ನುಮೂಳೆಯ ತಟ್ಟೆ ಜಾರಿ ನೋವು ಹಸಿಯಾಗಿರುವವರು, ಕೃತಕ ಕೀಲು ಹಾಕಿಸಿಕೊಂಡವರು, ಇವರೆಲ್ಲ ತಮ್ಮ ವೈದ್ಯರನ್ನು ಕೇಳದೆ ಫಲಕದ ಹತ್ತಿರವೂ ಸುಳಿಯಬಾರದು. ಮೈಗ್ರೇನ್ ಇರುವವರಿಗೆ ತಲೆಗೆ ತಲುಪುವ ಸಣ್ಣ ಅದುರಾಟವೂ ನೋವು ಕೆರಳಿಸಬಹುದು. ಪಾದಗಳಲ್ಲಿ ಸ್ಪರ್ಶಜ್ಞಾನ ಕಡಿಮೆಯಾಗಿರುವ ಮಧುಮೇಹಿಗಳಿಗೆ ಬೇರೆ ಅಪಾಯ: ಅಂಗಾಲು ಉಜ್ಜಿ ಗಾಯವಾದರೂ ಗೊತ್ತಾಗುವುದಿಲ್ಲ.

ಇನ್ನೊಂದು ಸರಳ ಪರೀಕ್ಷೆ. ನೆಲದ ಮೇಲೆ ಅರ್ಧ ಬಸ್ಕಿಯಲ್ಲಿ 45 ಸೆಕೆಂಡು ಅಲುಗಾಡದೆ ನಿಲ್ಲಿ. ಒಂದು ಕಾಲಿನ ಮೇಲೆ 20 ಸೆಕೆಂಡು ನಿಲ್ಲಿ. ಎರಡರಲ್ಲಿ ಒಂದಾದರೂ ಆಗದಿದ್ದರೆ ಮೊದಲ ಎರಡು ವಾರ ನೆಲದ ಮೇಲೆಯೇ ಇರಲಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲ ನಿಜವಾಗಿಯೂ ಕುಣಿಯುತ್ತದೆ, ಆದ್ದರಿಂದ ನೆಪ ಹೇಳುವುದು ಇನ್ನೂ ಸುಲಭ.

ಹೆಜ್ಜೆ 2: ಯಾವ ಬಗೆಯ ಫಲಕ ಎಂದು ತಿಳಿಯಿರಿ

ಫಲಕಗಳಲ್ಲಿ ಎರಡು ಮುಖ್ಯ ಜಾತಿ. ಒಂದರಲ್ಲಿ ಇಡೀ ಫಲಕ ಒಟ್ಟಿಗೆ ಮೇಲೆ ಕೆಳಗೆ ಹೋಗುತ್ತದೆ, ಎರಡೂ ಪಾದಕ್ಕೆ ಒಂದೇ ಕ್ಷಣದಲ್ಲಿ ಏಟು. ಇದನ್ನು ಲಂಬ ಫಲಕ ಎನ್ನೋಣ. ಇನ್ನೊಂದು ನಡುವಿನ ಅಚ್ಚಿನ ಮೇಲೆ ಏತದಂತೆ ಆಡುತ್ತದೆ: ಎಡಗಾಲು ಮೇಲೆ ಹೋದಾಗ ಬಲಗಾಲು ಕೆಳಗೆ. ಇದು ಏತದ ಫಲಕ. ಲಂಬ ಫಲಕಗಳು ಸಾಮಾನ್ಯವಾಗಿ 20ರಿಂದ 50 ಹರ್ಟ್ಜ್‌ನಲ್ಲಿ ಸಣ್ಣ ಚಲನೆ ಕೊಡುತ್ತವೆ. ಏತದ ಫಲಕಗಳು 5ರಿಂದ 30 ಹರ್ಟ್ಜ್‌ನಲ್ಲಿ ದೊಡ್ಡ ಚಲನೆ ಕೊಡುತ್ತವೆ. ಏತದ ಫಲಕದಲ್ಲಿ ಸೊಂಟ ಎಡಬಲಕ್ಕೆ ತೂಗಿ ಸ್ವಲ್ಪ ಅದುರಾಟವನ್ನು ನುಂಗಿಕೊಳ್ಳುವುದರಿಂದ ತಲೆಗೆ ತಲುಪುವುದು ಕಡಿಮೆ. ಹೊಸಬರಿಗೆ ನಾನು ಮೊದಲು ಸೂಚಿಸುವುದು ಇದನ್ನೇ.

ಎರಡರಲ್ಲಿ ಯಾವುದಾದರೂ 20 ಹರ್ಟ್ಜ್‌ಗಿಂತ ಕೆಳಗೆ ದೊಡ್ಡ ಚಲನೆಯಲ್ಲಿ ನಿಲ್ಲುವುದು ಬೇಡ. ಮನುಷ್ಯನ ಮುಂಡದ ಸಹಜ ಕಂಪನ 5 ಹರ್ಟ್ಜ್ ಆಸುಪಾಸು. ಹೊರಗಿನ ಅದುರಾಟ ಅದರ ಹತ್ತಿರ ಬಂದರೆ ಅನುರಣನೆಯಾಗಿ, ಹೊಟ್ಟೆಯೊಳಗಿನ ಅಂಗಗಳೂ ಬೆನ್ನುಮೂಳೆಯೂ ಯಂತ್ರಕ್ಕಿಂತ ಜೋರಾಗಿ ಓಲಾಡುತ್ತವೆ. ಯಂತ್ರ ಶುರುವಾಗುವಾಗ ಮತ್ತು ನಿಲ್ಲುವಾಗ ಹೊಟ್ಟೆಯಲ್ಲಿ ಒಂದು ಕ್ಷಣ ಕಸಿವಿಸಿ ಎನಿಸುವುದು ಇದೇ ಕಾರಣಕ್ಕೆ: ಅದು ಆ ಕೆಳಗಿನ ಆವರ್ತನಗಳನ್ನು ದಾಟಿಕೊಂಡು ಹೋಗುತ್ತಿರುತ್ತದೆ. ಆ ಎರಡು ಕ್ಷಣಗಳಲ್ಲಿ ಮೊಣಕಾಲು ಬಾಗಿಯೇ ಇರಲಿ.

ಹೆಜ್ಜೆ 3: ಯಂತ್ರವನ್ನು ನಂಬಬೇಡಿ, ಅಳೆಯಿರಿ

ಈ ಹೆಜ್ಜೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನಾನು ಇದನ್ನೇ ಉದ್ದಕ್ಕೆ ಬರೆಯುತ್ತೇನೆ, ಏಕೆಂದರೆ ಕಂಪನ ತರಬೇತಿಯಲ್ಲಿ ಡಂಬೆಲ್‌ನ ಮೇಲೆ ಕೆತ್ತಿರುವ ಕಿಲೋ ಸಂಖ್ಯೆಯಂಥದ್ದು ಯಾವುದೂ ಇಲ್ಲ. ಪರದೆಯ ಮೇಲೆ "ಹಂತ 17" ಎಂದಿದ್ದರೆ ಅದಕ್ಕೆ ಅರ್ಥವೇ ಇಲ್ಲ. ಬೇಕಾದ್ದು ಎರಡು ಅಂಕಿ: ಸೆಕೆಂಡಿಗೆ ಎಷ್ಟು ಬಾರಿ ಅದುರುತ್ತದೆ (ಆವರ್ತನ, ಹರ್ಟ್ಜ್‌ನಲ್ಲಿ), ತೀರಾ ಕೆಳಗಿನಿಂದ ತೀರಾ ಮೇಲಕ್ಕೆ ಎಷ್ಟು ದೂರ ಸರಿಯುತ್ತದೆ (ಸರಿತ, ಮಿಲಿಮೀಟರ್‌ನಲ್ಲಿ). ಈ ಎರಡರಿಂದ ಮೂರನೆಯದು ಹುಟ್ಟುತ್ತದೆ: ನಿಮ್ಮ ಪಾದಕ್ಕೆ ಬೀಳುವ ಗರಿಷ್ಠ ವೇಗೋತ್ಕರ್ಷ. ನಿಜವಾದ "ತೂಕ" ಇದೇ.

ಸರಿತವನ್ನು ಅಳೆಯಲು ಹಳೆಯ ಎಂಜಿನಿಯರುಗಳ ಒಂದು ಉಪಾಯವಿದೆ. ಬಿಳಿ ಕಾಗದದ ಮೇಲೆ 100 ಮಿಲಿಮೀಟರ್ ಉದ್ದದ ಚೂಪು ತ್ರಿಕೋನ ಬರೆಯಿರಿ. ಒಂದು ತುದಿ ಮೊನಚು, ಇನ್ನೊಂದು ತುದಿಯಲ್ಲಿ 10 ಮಿಲಿಮೀಟರ್ ಅಗಲ. ಒಳಗೆಲ್ಲ ಕಪ್ಪು ತುಂಬಿಸಿ. ಮೊನೆಯಿಂದ ಪ್ರತಿ 10 ಮಿಲಿಮೀಟರಿಗೆ ಒಂದು ಗೆರೆ ಹಾಕಿ 1, 2, 3 ಎಂದು ಗುರುತಿಸಿ. ಈ ಕಾಗದವನ್ನು ಫಲಕದ ಪಕ್ಕದ ಅಂಚಿಗೆ, ತ್ರಿಕೋನ ಅಡ್ಡಲಾಗಿ ಮಲಗಿರುವಂತೆ ಅಂಟಿಸಿ. ಒಬ್ಬರು ಫಲಕದ ಮೇಲೆ ಮೊಣಕಾಲು ಬಾಗಿಸಿ ನಿಲ್ಲಲಿ, ಯಂತ್ರ ಹಾಕಿ. ತ್ರಿಕೋನದ ಮೇಲಂಚು ಕೆಳಂಚುಗಳು ಬೂದಿ ಬಣ್ಣಕ್ಕೆ ಮಸುಕಾಗುತ್ತವೆ. ನಡುವೆ ಮಾತ್ರ ಅಚ್ಚ ಕಪ್ಪಿನ ಒಂದು ಸಣ್ಣ ತ್ರಿಕೋನ ಉಳಿಯುತ್ತದೆ. ಅದರ ಮೊನೆ ಯಾವ ಗೆರೆಯ ಬಳಿ ಇದೆಯೋ ಅದೇ ನಿಮ್ಮ ಸರಿತ. 4ರ ಗೆರೆಯಲ್ಲಿದ್ದರೆ 4 ಮಿಲಿಮೀಟರ್. ತ್ರಿಕೋನದ ಅಗಲ ಚಲನೆಗಿಂತ ಕಡಿಮೆ ಇರುವ ಕಡೆ ಕಪ್ಪು ನಿಲ್ಲುವುದಿಲ್ಲ, ಅಷ್ಟೇ ಗುಟ್ಟು.

ಖಾಲಿ ಫಲಕವನ್ನು ಅಳೆದು ಸುಮ್ಮನಾಗಬೇಡಿ. ದುರ್ಬಲ ಮೋಟಾರಿನ ಯಂತ್ರಗಳು ಖಾಲಿ ಇದ್ದಾಗ ಭರ್ಜರಿಯಾಗಿ ಕುಣಿದು, ಮನುಷ್ಯ ಹತ್ತಿದ ಕೂಡಲೇ ಮೆತ್ತಗಾಗುತ್ತವೆ. ನಾನು ಒಮ್ಮೆ ಅಳೆದ ಒಂದು ಯಂತ್ರದ ಕಪ್ಪು ಮೊನೆ ಖಾಲಿಯಿದ್ದಾಗ 3ರ ಗೆರೆಯಲ್ಲಿತ್ತು. ಭಾರೀ ಆಳೊಬ್ಬರು ಹತ್ತಿದಾಗ 1ರ ಹತ್ತಿರಕ್ಕೆ ಸರಿಯಿತು. ಅವರು ಎರಡು ತಿಂಗಳು ಅದರ ಮೇಲೆ ನಿಷ್ಠೆಯಿಂದ ನಿಂತಿದ್ದರು.

ಏತದ ಫಲಕವಾದರೆ ಕಾಗದವನ್ನು ಎಡ ಅಥವಾ ಬಲ ಅಂಚಿಗೆ ಅಂಟಿಸಿ, ಬಂದ ಅಂಕಿಯನ್ನು ಪಾದದ ಜಾಗಕ್ಕೆ ಇಳಿಸಬೇಕು. ಅಂಚು ನಡುವಿನ ಅಚ್ಚಿನಿಂದ 25 ಸೆಂಟಿಮೀಟರ್ ದೂರದಲ್ಲಿದ್ದು ಅಲ್ಲಿ ಸರಿತ 8 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಪಾದದ ನಡುಭಾಗ 15 ಸೆಂಟಿಮೀಟರ್‌ನಲ್ಲಿದ್ದರೆ ಅಲ್ಲಿ ಸರಿತ 4.8 ಮಿಲಿಮೀಟರ್. ಕಾಲು ಅಗಲಿಸಿದಷ್ಟೂ ತೂಕ ಏರುತ್ತದೆ, ಕೂಡಿಸಿದಷ್ಟೂ ಇಳಿಯುತ್ತದೆ.

ಆವರ್ತನಕ್ಕೆ ಮೊಬೈಲಿನ ನಿಧಾನ ಚಲನೆಯ ವಿಡಿಯೊ ಸಾಕು. ಸೆಕೆಂಡಿಗೆ 240 ಚಿತ್ರಗಳ ವೇಗದಲ್ಲಿ ಅಂಚನ್ನು ಚಿತ್ರಿಸಿ, ಹತ್ತು ಪೂರ್ತಿ ಅದುರಾಟಗಳಿಗೆ ಎಷ್ಟು ಚಿತ್ರಗಳು ಹಿಡಿದವು ಎಂದು ಎಣಿಸಿ. 80 ಚಿತ್ರಗಳಾದರೆ 30 ಹರ್ಟ್ಜ್. ಮೊಬೈಲನ್ನು ಫಲಕದ ಮೇಲಿಡಬೇಡಿ. ಜೋರು ಅದುರಾಟ ಕ್ಯಾಮೆರಾದ ಒಳಗಿನ ಸೂಕ್ಷ್ಮ ಭಾಗಗಳಿಗೆ ಒಳ್ಳೆಯದಲ್ಲ. ನೆಲದ ಮೇಲೆ ನಿಂತು ಹೊರಗಿನಿಂದ ಚಿತ್ರಿಸಿ.

ಈಗ ಲೆಕ್ಕ. ಆವರ್ತನವನ್ನು ಅದರಿಂದಲೇ ಗುಣಿಸಿ, ಸರಿತದಿಂದ ಗುಣಿಸಿ, 500ರಿಂದ ಭಾಗಿಸಿ. ಬರುವ ಉತ್ತರ ಭೂಮಿಯ ಗುರುತ್ವದ ಎಷ್ಟು ಪಟ್ಟು ಎಂದು, ಅಂದರೆ "ಜಿ" ಲೆಕ್ಕದಲ್ಲಿ ಇರುತ್ತದೆ. 25 ಹರ್ಟ್ಜ್, 2 ಮಿಲಿಮೀಟರ್: 625 ಗುಣಿಸು 2, ಭಾಗಿಸು 500, ಅಂದರೆ 2.5 ಜಿ. 30 ಹರ್ಟ್ಜ್, 2 ಮಿಲಿಮೀಟರ್ ಆದರೆ 3.6 ಜಿ. 30 ಹರ್ಟ್ಜ್, 4 ಮಿಲಿಮೀಟರ್ ಆದರೆ 7.2 ಜಿ. 50 ಹರ್ಟ್ಜ್, 2 ಮಿಲಿಮೀಟರಿಗೆ 10 ಜಿ. ಗಮನಿಸಿ: ಸರಿತ ಇಮ್ಮಡಿಯಾದರೆ ಏಟು ಇಮ್ಮಡಿ, ಆವರ್ತನ ಇಮ್ಮಡಿಯಾದರೆ ಏಟು ನಾಲ್ಕು ಪಟ್ಟು. ಗುಂಡಿ ಒತ್ತಿ 25ರಿಂದ 50ಕ್ಕೆ ಹೋಗುವವರಿಗೆ ಇದು ಗೊತ್ತಿರುವುದಿಲ್ಲ.

ಅಳೆಯುವ ತಾಳ್ಮೆ ಇಲ್ಲದವರಿಗೆ ಒಂದು ನಾಣ್ಯದ ಪರೀಕ್ಷೆ. ಫಲಕದ ಮೇಲೆ ಒಬ್ಬರು ನಿಂತಿರುವಾಗ ಪಾದದ ಪಕ್ಕ ಒಂದು ನಾಣ್ಯ ಇಡಿ. 1 ಜಿ ದಾಟಿದ ಕೂಡಲೇ ನಾಣ್ಯ ಫಲಕ ಬಿಟ್ಟು ಹಾರಲು ತೊಡಗಿ ಕಟಕಟ ಸದ್ದು ಮಾಡುತ್ತದೆ. ಗರಿಷ್ಠ ಹಂತದಲ್ಲೂ ನಾಣ್ಯ ಸುಮ್ಮನೆ ಕುಳಿತಿದ್ದರೆ ಆ ಯಂತ್ರದಿಂದ ಬಲ ತರಬೇತಿಯ ಆಸೆ ಬಿಡಿ.

ಹೆಜ್ಜೆ 4: ನಿಲ್ಲುವ ಬಗೆ

ಬರಿಗಾಲು ಅಥವಾ ತೆಳು ಅಟ್ಟೆಯ ಪಾದರಕ್ಷೆ. ದಪ್ಪ ಮೆತ್ತೆಯ ಓಟದ ಬೂಟುಗಳು ನೀವು ಕಷ್ಟಪಟ್ಟು ಅಳೆದ ಕಂಪನವನ್ನು ತಾವೇ ತಿಂದುಹಾಕುತ್ತವೆ. ಪಾದಗಳು ಭುಜದಗಲಕ್ಕಿಂತ ತುಸು ಕಡಿಮೆ. ಭಾರ ಪಾದದ ಮುಂಭಾಗದ ಕಡೆಗೆ. ಹಿಮ್ಮಡಿ ಫಲಕಕ್ಕೆ ತಾಗಿರಲಿ, ಆದರೆ ಅದರಡಿಯ ಕಾಗದವನ್ನು ಎಳೆದರೆ ಸರಕ್ಕನೆ ಬರುವಷ್ಟು ಹಗುರವಾಗಿ.

ಎಷ್ಟು ಬಾಗಬೇಕು? ಎದುರಿನ ಗೋಡೆಗೆ, ಎರಡು ಮೂರು ಮೀಟರ್ ದೂರದಲ್ಲಿ, ಪತ್ರಿಕೆಯ ಒಂದು ಹಾಳೆ ಅಂಟಿಸಿ. ಯಂತ್ರವನ್ನು ಕಡಿಮೆ ಹಂತದಲ್ಲಿ ಹಾಕಿ, ಮೊಣಕಾಲು ತುಸುವೇ ಬಾಗಿಸಿ ನಿಂತು ತಲೆಬರಹ ಓದಿ. ಅಕ್ಷರಗಳು ಎರಡೆರಡಾಗಿ ಕಾಣುತ್ತವೆ. ಈಗ ನಿಧಾನವಾಗಿ ಕುರ್ಚಿಯಲ್ಲಿ ಕೂರುವವರಂತೆ ಕೆಳಗಿಳಿಯಿರಿ. ಒಂದು ಜಾಗದಲ್ಲಿ ಅಕ್ಷರಗಳು ಗಕ್ಕನೆ ನಿಂತುಬಿಡುತ್ತವೆ, ಅದೇ ಹೊತ್ತಿಗೆ ತೊಡೆಯ ಮುಂಭಾಗದಲ್ಲಿ ಬಿಸಿ ಏರುತ್ತದೆ. ತಲೆಗೆ ಹೋಗುತ್ತಿದ್ದ ಅದುರಾಟ ತೊಡೆಗೆ ಇಳಿಯಿತು ಎಂದರ್ಥ. ಹೆಚ್ಚಿನವರಿಗೆ ಇದು ಸುಮಾರು 30 ಡಿಗ್ರಿ ಬಾಗಿದಾಗ ಆಗುತ್ತದೆ. ಬಸ್ಕಿಯಲ್ಲಿ ಮೇಲೇಳುವಾಗಲೂ ನೀವು ಈ ಗಡಿ ದಾಟಿ ನೆಟ್ಟಗಾಗಬಾರದು. ಅಕ್ಷರ ಮತ್ತೆ ನಡುಗಿದರೆ ಹೆಚ್ಚು ಎದ್ದಿದ್ದೀರಿ ಎಂದೇ ಲೆಕ್ಕ.

ಹಲ್ಲು ಕಚ್ಚಬೇಡಿ, ಉಸಿರು ಕಟ್ಟಬೇಡಿ. ಹಿಡಿಕೆಯನ್ನು ಬೆರಳ ತುದಿಯಿಂದ ಮುಟ್ಟಿದರೆ ಸಾಕು. ಅದರ ಮೇಲೆ ಭಾರ ಬಿಟ್ಟರೆ ಕಾಲಿನ ಕೆಲಸ ಕಡಿಮೆಯಾಗಿ ಭುಜಕ್ಕೆ ಅದುರಾಟ ಹತ್ತುತ್ತದೆ. ಫಲಕದ ಮೇಲೆ ಕುಳಿತುಕೊಳ್ಳುವ ಭಂಗಿಗಳನ್ನು ಕೆಲವು ಕೈಪಿಡಿಗಳು ತೋರಿಸುತ್ತವೆ, ಬೇಡ. ಕಂಪನವನ್ನು ನುಂಗುವ ಮೊಣಕಾಲು, ಕಣಕಾಲು ಎರಡನ್ನೂ ತಪ್ಪಿಸಿ ಬೆನ್ನುಮೂಳೆಗೆ ನೇರ ಏಟು ಕೊಡುವ ದಾರಿ ಅದು.

ಹೆಜ್ಜೆ 5: ಮೊದಲ ನಾಲ್ಕು ವಾರ

ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಮೊದಲ ಎರಡು ವಾರ ಸ್ಥಿರ ಭಂಗಿಗಳು ಮಾತ್ರ. ಲಂಬ ಫಲಕವಾದರೆ 25 ಹರ್ಟ್ಜ್, 2 ಮಿಲಿಮೀಟರ್. ಏತದ ಫಲಕವಾದರೆ 20 ಹರ್ಟ್ಜ್, ಪಾದದ ಬಳಿ 4 ಮಿಲಿಮೀಟರ್. ಎರಡೂ ಕಡೆ ಸುಮಾರು 2.5ರಿಂದ 3.2 ಜಿ ಆಗುತ್ತದೆ.

ಭಂಗಿಗಳು ನಾಲ್ಕು. ಅರ್ಧ ಬಸ್ಕಿಯಲ್ಲಿ ನಿಲ್ಲುವುದು. ಮೊಣಕಾಲು ತುಸು ಬಾಗಿಸಿಕೊಂಡೇ ಹಿಮ್ಮಡಿ ಎತ್ತಿ ಪಾದದ ಮುಂಭಾಗದ ಮೇಲೆ ನಿಲ್ಲುವುದು. ಬಲಗಾಲು ಫಲಕದ ಮೇಲೆ, ಎಡಗಾಲು ಹಿಂದೆ ನೆಲದ ಮೇಲೆ ಇಟ್ಟು, ಮೊಣಕಾಲು ಬಾಗಿಸಿ ನಿಲ್ಲುವ ಲಂಜ್ ಭಂಗಿ. ಅದೇ ಎಡಗಾಲಿಗೆ. ಪ್ರತಿಯೊಂದೂ 30 ಸೆಕೆಂಡು, ನಡುವೆ ಒಂದು ನಿಮಿಷ ಫಲಕದಿಂದ ಇಳಿದು ವಿಶ್ರಾಂತಿ, ಇಡೀ ಸುತ್ತು ಎರಡು ಬಾರಿ. ಕಂಪನದ ಒಟ್ಟು ಹೊತ್ತು ನಾಲ್ಕೇ ನಿಮಿಷ. ಕಡಿಮೆ ಎನಿಸಿದರೆ ಲೆಕ್ಕ ಹಾಕಿ: 25 ಹರ್ಟ್ಜ್‌ನಲ್ಲಿ ನಾಲ್ಕು ನಿಮಿಷಕ್ಕೆ 6,000 ಅದುರಾಟ.

ಮೊದಲ ಕೆಲವು ದಿನ ಕಣಕಾಲಿನಿಂದ ತೊಡೆಯವರೆಗೆ ಚರ್ಮ ಕೆಂಪಾಗಿ ವಿಪರೀತ ತುರಿಕೆ ಬರಬಹುದು. ಹೆದರಬೇಕಿಲ್ಲ. ಇಳಿದು ಸ್ವಲ್ಪ ನಡೆದಾಡಿದರೆ ಕಡಿಮೆಯಾಗುತ್ತದೆ, ಕೆಲವು ಸಲದ ನಂತರ ಬರುವುದೇ ನಿಲ್ಲುತ್ತದೆ. ಕಾಲು ಜೋಮು ಹಿಡಿದರೆ, ತಲೆನೋವು, ತಲೆಸುತ್ತು, ಬೆನ್ನಿನಲ್ಲಿ ಚುಚ್ಚು ನೋವು ಬಂದರೆ ಅದು ಬೇರೆ ಮಾತು: ಅವತ್ತಿಗೆ ನಿಲ್ಲಿಸಿ, ಮುಂದಿನ ಸಲ ಭಂಗಿ ತಿದ್ದಿಕೊಂಡು ಅರ್ಧ ಅವಧಿಯಿಂದ ಶುರುಮಾಡಿ. ಮತ್ತೆ ಬಂದರೆ ಬಿಟ್ಟುಬಿಡಿ.

ಮೂರು ಮತ್ತು ನಾಲ್ಕನೆಯ ವಾರ ಅದೇ ಭಂಗಿಗಳಿಗೆ ಚಲನೆ ಸೇರಲಿ. ಎರಡು ಸೆಕೆಂಡು ಇಳಿಯಿರಿ, ಎರಡು ಸೆಕೆಂಡು ಏರಿ. 40 ಸೆಕೆಂಡಿನಲ್ಲಿ ಹತ್ತು ಬಸ್ಕಿ. ಸುತ್ತುಗಳು ಮೂರು. ಈಗ ಒಟ್ಟು ಕಂಪನ ಎಂಟು ನಿಮಿಷ. ಇದರಾಚೆಗೆ, ದಿನಕ್ಕೆ ಹತ್ತು ನಿಮಿಷ ಎಂಬುದನ್ನು ನಾನು ಲಕ್ಷ್ಮಣರೇಖೆ ಎಂದುಕೊಂಡಿದ್ದೇನೆ. ಕಾರಣವಿದೆ. ಯುರೋಪಿನ ಒಕ್ಕೂಟ 2002ರಲ್ಲಿ ಕೆಲಸಗಾರರ ರಕ್ಷಣೆಗೆಂದು ಹೊರಡಿಸಿದ ನಿರ್ದೇಶನದಲ್ಲಿ, ಟ್ರ್ಯಾಕ್ಟರ್, ಭಾರೀ ಯಂತ್ರಗಳ ಮೇಲೆ ಎಂಟು ಗಂಟೆ ದುಡಿಯುವವರ ಇಡೀ ದೇಹಕ್ಕೆ ತಗಲಬಹುದಾದ ಕಂಪನದ ಸರಾಸರಿ ಮಿತಿ 1.15 ಮೀಟರ್ ಪ್ರತಿ ಸೆಕೆಂಡ್ ವರ್ಗ. ಮುಂದೆ ಏಳನೆಯ ವಾರ ನಾವು ತಲುಪುವ 7 ಜಿ ಫಲಕದ ಗರಿಷ್ಠ ಏಟು ಅದೇ ಮಾನದಲ್ಲಿ ಸುಮಾರು 70. ಎರಡನ್ನೂ ಲೆಕ್ಕಹಾಕುವ ಬಗೆ ಬೇರೆ, ನೇರ ಹೋಲಿಕೆ ಸಲ್ಲದು. ಆದರೂ ಈ ಅಂತರ ನೋಡಿದ ಮೇಲೆ ಅರ್ಧ ಗಂಟೆ ಫಲಕದ ಮೇಲೆ ನಿಲ್ಲುವ ಉತ್ಸಾಹ ನನಗಂತೂ ಉಳಿಯಲಿಲ್ಲ. ಹೆಚ್ಚು ಹೊತ್ತಿನ ಕಂಪನದಿಂದ ಬಲಕ್ಕೂ ಲಾಭವಿಲ್ಲ. ಸ್ನಾಯುರಜ್ಜುವಿಗೆ ಇಪ್ಪತ್ತು ಮೂವತ್ತು ನಿಮಿಷ ಎಡೆಬಿಡದೆ ಕಂಪನ ಕೊಟ್ಟರೆ ಕದಿರುಗಳು ದಣಿದು, ಸ್ನಾಯುವಿನ ಗರಿಷ್ಠ ಬಲ ಆ ಹೊತ್ತಿಗೆ ಕುಗ್ಗುತ್ತದೆ.

ಹೆಜ್ಜೆ 6: ಐದನೆಯ ವಾರದಿಂದ ಭಾರ ಏರಿಸುವುದು

ಇಲ್ಲಿ ಏರಿಸಬಹುದಾದ ಹಿಡಿಗಳು ನಾಲ್ಕು: ಆವರ್ತನ, ಸರಿತ, ಕೈಯಲ್ಲಿನ ತೂಕ, ಒಂದೇ ಕಾಲಿನ ಬಳಕೆ. ಒಂದು ವಾರಕ್ಕೆ ಒಂದನ್ನೇ ತಿರುಗಿಸಿ. ನಾನು ಪಾಲಿಸುವ ಸರದಿ ಹೀಗಿದೆ: ಐದನೆಯ ವಾರ ಲಂಬ ಫಲಕವನ್ನು 30 ಹರ್ಟ್ಜ್‌ಗೆ (3.6 ಜಿ). ಆರನೆಯ ವಾರ ಕೈಗೆ ಡಂಬೆಲ್. ತೋಳು ಇಳಿಬಿಟ್ಟು ಪಕ್ಕದಲ್ಲಿ ಹಿಡಿಯಬೇಕು, ಎಂಟನೆಯ ಬಸ್ಕಿಗೆ ಕಾಲು ಉರಿಯುವಷ್ಟು ತೂಕ. ಏಳನೆಯ ವಾರ ಸರಿತ 4 ಮಿಲಿಮೀಟರ್‌ಗೆ (7.2 ಜಿ), ಆ ವಾರ ಡಂಬೆಲ್ ಬೇಡ. ಎಂಟನೆಯ ವಾರ ಡಂಬೆಲ್ ಮರಳಿ ಕೈಗೆ. ವಿಶ್ರಾಂತಿಯನ್ನು 90 ಸೆಕೆಂಡಿಗೆ ಹೆಚ್ಚಿಸಿ. ಏತದ ಫಲಕದವರು 20ರಿಂದ 26 ಹರ್ಟ್ಜ್‌ವರೆಗೆ ಮೆಲ್ಲಗೆ ಏರಲಿ. ಮತ್ತೆ ಬೇಕೆನಿಸಿದರೆ ಕಾಲು ಅಗಲಿಸಲಿ.

ಹೆಗಲ ಮೇಲೆ ಉದ್ದನೆಯ ಕಬ್ಬಿಣದ ಸಲಾಕೆ ಹೊತ್ತು ಫಲಕದ ಮೇಲೆ ನಿಲ್ಲುವುದನ್ನು ನಾನು ಯಾರಿಗೂ ಹೇಳಿಕೊಡುವುದಿಲ್ಲ. ತೂಕ ಬೆನ್ನುಮೂಳೆಯನ್ನು ಮೇಲಿನಿಂದ ಒತ್ತುವಾಗ ಕೆಳಗಿನಿಂದ ಏಟು ಬೀಳುತ್ತದೆ, ಸಮತೋಲ ತಪ್ಪಿದರೆ ಸಲಾಕೆ ಬಿಸಾಡಲೂ ಜಾಗವಿಲ್ಲ.

ಭಾರ ಮತ್ತು ಕಂಪನ ಜೊತೆಯಾದರೆ ಏನಾಗಬಹುದು ಎಂಬುದಕ್ಕೆ ಒಳ್ಳೆಯ ಉದಾಹರಣೆ ಬರ್ಲಿನ್‌ನಲ್ಲಿ 2003ರಿಂದ 2005ರ ನಡುವೆ ನಡೆದ ಹಾಸಿಗೆ ಅಧ್ಯಯನ. ಗಗನಯಾತ್ರಿಗಳ ಸ್ನಾಯು ಸವೆತವನ್ನು ಅರಿಯಲು 20 ಯುವಕರು 56 ದಿನ ಮಲಗಿಯೇ ಇದ್ದರು. ಅವರಲ್ಲಿ ಅರ್ಧದಷ್ಟು ಮಂದಿ ಮಲಗಿದಲ್ಲೇ ಹೆಗಲು ಸೊಂಟಗಳಿಗೆ ಪಟ್ಟಿ ಬಿಗಿದುಕೊಂಡು, ಅದುರುವ ಫಲಕವನ್ನು ಕಾಲಿನಿಂದ ಒತ್ತುತ್ತಿದ್ದರು. ಸುಮ್ಮನೆ ಮಲಗಿದವರಿಗಿಂತ ಅವರ ಕಾಲಿನ ಸ್ನಾಯು ಮತ್ತು ಮೂಳೆ ಚೆನ್ನಾಗಿ ಉಳಿದುಕೊಂಡವು. ಪಟ್ಟಿ ಬಿಗಿದು ಒತ್ತುತ್ತಿದ್ದರು ಎಂಬುದನ್ನು ಮರೆಯಬೇಡಿ. ಪಾದವನ್ನು ಸುಮ್ಮನೆ ಫಲಕಕ್ಕೆ ತಾಗಿಸಿಕೊಂಡಿರಲಿಲ್ಲ.

ಹೆಜ್ಜೆ 7: ತೋಳು, ಎದೆ ಮತ್ತು ಕೈಯಲ್ಲಿ ಹಿಡಿಯುವ ಸಾಧನಗಳು

ಕೈಗಳನ್ನು ಫಲಕದ ಮೇಲಿಟ್ಟು ಪುಶ್-ಅಪ್ ಮಾಡಬಹುದು. ಮೊಣಕೈ ಎಂದೂ ಪೂರ್ತಿ ನೆಟ್ಟಗಾಗಬಾರದು, ಕಾರಣ ಮೊಣಕಾಲಿನದ್ದೇ. ಇಲ್ಲಿ ತಲೆ ಫಲಕಕ್ಕೆ ತುಂಬ ಹತ್ತಿರವಿರುವುದರಿಂದ 2 ಮಿಲಿಮೀಟರ್ ದಾಟಬೇಡಿ, 20 ಸೆಕೆಂಡಿನ ಮೂರು ಸುತ್ತು ಸಾಕು. ಅದುರುವ ಡಂಬೆಲ್‌ಗಳೂ ಸಿಗುತ್ತವೆ. ಅವುಗಳನ್ನು ದಿನವೂ ಬಳಸುವುದು ಬೇಡ. ಕಲ್ಲು ಕೊರೆಯುವ, ಮರ ಕೊಯ್ಯುವ ಯಂತ್ರಗಳನ್ನು ವರ್ಷಗಟ್ಟಲೆ ಹಿಡಿದವರ ಬೆರಳುಗಳು ಚಳಿಗೆ ಬಿಳಿಚಿ ಮರಗಟ್ಟುವ ರೋಗ ವೈದ್ಯರಿಗೆ ಚಿರಪರಿಚಿತ. ಕೆಲವೇ ನಿಮಿಷಗಳ ತರಬೇತಿಗೂ ಅದಕ್ಕೂ ಬಹಳ ದೂರ, ನಿಜ. ಆದರೆ ನಿಮ್ಮ ಹೊಟ್ಟೆಪಾಡೇ ಅಂಥ ಯಂತ್ರಗಳ ಜೊತೆಗಿದ್ದರೆ ಕೈಗೆ ಇನ್ನಷ್ಟು ಕಂಪನ ಯಾಕೆ?

ಮಸಾಜ್ ಗನ್ (ಸ್ನಾಯುವನ್ನು ಪಟಪಟನೆ ಬಡಿಯುವ ಕೈಯಂತ್ರ) ಬಗ್ಗೆ ಎರಡು ಮಾತು. 2020ರ ಒಂದು ಅಧ್ಯಯನದಲ್ಲಿ ಮೀನಖಂಡಕ್ಕೆ ಐದು ನಿಮಿಷ ಗನ್ ಹಿಡಿದಾಗ ಕಣಕಾಲು ಹೆಚ್ಚು ಬಾಗಿತು, ಬಲ ಹೆಚ್ಚಲೂ ಇಲ್ಲ, ಕುಗ್ಗಲೂ ಇಲ್ಲ. ಅಂದರೆ ಬಿಗಿ ಸಡಿಲಿಸಲು ಅದು ಸರಿ, ಬಲಕ್ಕಲ್ಲ. ಸಡಿಲ ಸ್ನಾಯುವಿಗೆ ಕೊಟ್ಟ ಕಂಪನ ಬಲ ಕಟ್ಟುವುದಿಲ್ಲ ಎಂಬ ನಮ್ಮ ಮೊದಲ ಮಾತಿಗೆ ಇದೂ ಹೊಂದುತ್ತದೆ.

ಹೆಜ್ಜೆ 8: ಪಳಗಿದವರು ಫಲಕವನ್ನು ಎಲ್ಲಿ ಇಡಬೇಕು

ಮುಖ್ಯ ತೂಕದ ವ್ಯಾಯಾಮಗಳನ್ನು ನೆಲದ ಮೇಲೆಯೇ ಮಾಡಿ. ಫಲಕ ಬರಬೇಕಾದ್ದು ಅದಕ್ಕೂ ಮೊದಲು: 30 ಸೆಕೆಂಡಿನ ಅರ್ಧ ಬಸ್ಕಿ ಮೂರು ಸುತ್ತು, ಎರಡು ನಿಮಿಷ ನಡೆದಾಟ, ಆಮೇಲೆ ಜಿಗಿತ ಅಥವಾ ಬಸ್ಕಿ. ಕೆಲವರಿಗೆ ಇದರಿಂದ ಕಾಲು ಹಗುರವಾಗಿ ಜಿಗಿತ ತುಸು ಏರುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ. ಈ ಹಗುರತನ ಕೆಲವೇ ನಿಮಿಷಗಳ ಅತಿಥಿ. ತೂಕ ಎತ್ತಿ ದಣಿದ ಮೇಲೆ ಫಲಕ ಹತ್ತುವುದು ಬೇಡ. ದಣಿದ ಸ್ನಾಯು ಕಂಪನವನ್ನು ತಡೆಯದೆ ಬೆನ್ನಿಗೆ ಬಿಟ್ಟುಕೊಡುತ್ತದೆ.

ಕೊಬ್ಬು ಕರಗಿಸಲು ಎಂದು ಕೊಂಡವರಿಗೆ ಹೇಳುವುದು ಇಷ್ಟೇ: ಫಲಕದ ಮೇಲಿನ ಬಸ್ಕಿಗೆ ಖರ್ಚಾಗುವ ಶಕ್ತಿ ಹೆಚ್ಚುಕಡಿಮೆ ಮಧ್ಯಮ ವೇಗದ ನಡಿಗೆಯಷ್ಟು. ಹತ್ತು ನಿಮಿಷದ ಕಂಪನ ಒಂದು ಗಂಟೆಯ ವ್ಯಾಯಾಮಕ್ಕೆ ಸಮ ಎಂಬ ಮಾತಿಗೆ ಬುಡವಿಲ್ಲ.

ಹೆಜ್ಜೆ 9: ಲಾಭ ನಿಜವೋ ಭ್ರಮೆಯೋ ಎಂದು ಪರೀಕ್ಷಿಸುವುದು

ಒಂದು ಕಾಲಿಗೆ ಕಂಪನ, ಇನ್ನೊಂದಕ್ಕೆ ನೆಲ ಎಂದು ಹೋಲಿಸುವ ಆಸೆ ಸಹಜ. ಅದು ಕೈಕೊಡುತ್ತದೆ: ಒಂದು ಕಾಲಿಗೆ ಕೊಟ್ಟ ಬಲ ತರಬೇತಿಯ ಫಲ ನರಗಳ ದಾರಿಯಲ್ಲಿ ಇನ್ನೊಂದು ಕಾಲಿಗೂ ಸ್ವಲ್ಪ ಸಲ್ಲುತ್ತದೆ. ಬದಲಿಗೆ ಕಾಲವನ್ನು ಭಾಗ ಮಾಡಿ. ನಾಲ್ಕು ವಾರ ಎಲ್ಲ ವ್ಯಾಯಾಮಗಳನ್ನೂ, ಅದೇ ಎಣಿಕೆ, ಅದೇ ತೂಕ, ಅದೇ ವಿಶ್ರಾಂತಿಯೊಂದಿಗೆ, ಯಂತ್ರ ಹಾಕದ ಫಲಕದ ಮೇಲೆ ಮಾಡಿ. ಮುಂದಿನ ನಾಲ್ಕು ವಾರ ಯಂತ್ರ ಹಾಕಿ ಮಾಡಿ.

ಅಳೆಯುವುದು ಮೂರು ಬಾರಿ: ಆರಂಭದಲ್ಲಿ, ನಾಲ್ಕನೆಯ ವಾರದ ಕೊನೆಗೆ, ಎಂಟನೆಯ ವಾರದ ಕೊನೆಗೆ. ಬೆರಳಿಗೆ ಸೀಮೆಸುಣ್ಣ ಹಚ್ಚಿ ಗೋಡೆಯ ಪಕ್ಕ ಜಿಗಿದು ಗುರುತು ಹಾಕಿ, ಮೂರರಲ್ಲಿ ಒಳ್ಳೆಯದನ್ನು ಬರೆದುಕೊಳ್ಳಿ. ಐದು ಬಾರಿ ಬಸ್ಕಿ ಹೊಡೆಯಬಲ್ಲ ಗರಿಷ್ಠ ತೂಕ ಬರೆದುಕೊಳ್ಳಿ. ವಯಸ್ಸಾದವರು ಇವೆರಡರ ಬದಲು 30 ಸೆಕೆಂಡಿನಲ್ಲಿ ಕೈ ಊರದೆ ಕುರ್ಚಿಯಿಂದ ಎಷ್ಟು ಬಾರಿ ಎದ್ದು ಕೂರಬಲ್ಲರೆಂದು ಎಣಿಸಲಿ. ಪರೀಕ್ಷೆ ಯಾವಾಗಲೂ ಕೊನೆಯ ತರಬೇತಿಯಿಂದ 48 ಗಂಟೆ ಕಳೆದ ಮೇಲೆ, ದಿನದ ಅದೇ ಹೊತ್ತಿನಲ್ಲಿ. ಫಲಕದಿಂದ ಇಳಿದ ತಕ್ಷಣ ಅಳೆದರೆ ಸಿಗುವುದು ದಣಿವಿನ ಅಥವಾ ಆ ಕ್ಷಣಿಕ ಹಗುರತನದ ಲೆಕ್ಕ.

ಹೊಸಬರಿಗೆ ಮೊದಲ ನಾಲ್ಕು ವಾರದಲ್ಲೇ ಅಂಕಿ ದೊಡ್ಡದಾಗಿ ಜಿಗಿಯುತ್ತದೆ. ಅದು ಬಸ್ಕಿಯ ಫಲ, ಕಂಪನದ್ದಲ್ಲ. ಫಲಕದ ಮೇಲೆ ಶುರುಮಾಡಿದವರು ಈ ಜಿಗಿತದ ಹೆಗ್ಗಳಿಕೆಯನ್ನೆಲ್ಲ ಯಂತ್ರಕ್ಕೆ ಕೊಡುತ್ತಾರೆ. ಎರಡನೆಯ ನಾಲ್ಕು ವಾರದಲ್ಲಿ ಏರಿಕೆಯ ವೇಗ ಸ್ವಲ್ಪ ತಗ್ಗುವುದು ಸಹಜ, ಆದ್ದರಿಂದ ಆ ಏರಿಕೆ ಮೊದಲಿನಷ್ಟೇ ಉಳಿದರೂ ಫಲಕ ಏನೋ ಕೊಡುತ್ತಿದೆ ಎಂದು ತಿಳಿದು ಮುಂದುವರಿಸಿ. ತೀರಾ ಕುಸಿದಿದ್ದರೆ ತ್ರಿಕೋನದ ಕಾಗದವನ್ನು ಮತ್ತೊಮ್ಮೆ ಅಂಟಿಸಿ ಅಳೆಯಿರಿ. ಸರಿತ ಸರಿಯಾಗಿಯೇ ಇದ್ದರೆ ಆ ಎಂಟು ನಿಮಿಷವನ್ನು ನೆಲದ ಮೇಲಿನ ಇನ್ನೆರಡು ಸುತ್ತು ಬಸ್ಕಿಗೆ ಕೊಟ್ಟು, ಫಲಕವನ್ನು ಮೈ ಬೆಚ್ಚಗಾಗಿಸಲು ಮಾತ್ರ ಇಟ್ಟುಕೊಳ್ಳಿ.